ಡೆಲ್ಸಿ ಪೆಂಗೆಲಿಗೆ ಎಷ್ಟು ಎಣಿಕೆ?

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಡೆಲ್ಸಿ ಪೆಂಗೆಲಿ ತನ್ನ ಎರಡು ಪಾದಗಳ ನಡುವೆ ಕೊಡಲಿ ಬೀಸಿದವಳು. ಮುಂಗೈಯ ಕೂದಲನ್ನು ಬೋಳಿಸುವಷ್ಟು ಹರಿತವಾದ ಕೊಡಲಿ. ಅಡ್ಡ ಮಲಗಿಸಿದ ದಿಮ್ಮಿಯ ಮೇಲೆ ಕಾಲಗಲಿಸಿ ನಿಂತು, ಆ ಕಾಲುಗಳ ನಡುವಿನ ಮರವನ್ನೇ ಅರ್ಧ ಈ ಕಡೆಯಿಂದ, ತಿರುಗಿ ನಿಂತು ಉಳಿದರ್ಧ ಆ ಕಡೆಯಿಂದ ಕಡಿದು ದಿಮ್ಮಿಯನ್ನು ಎರಡು ತುಂಡು ಮಾಡಬೇಕು; ಯಾರದು ಮೊದಲು ತುಂಡಾಗುತ್ತದೋ ಅವರು ಗೆದ್ದರು. ಉತ್ತರ ಟಾಸ್ಮೇನಿಯಾದ ಊರೂರಿನ ಕೃಷಿ ಮೇಳಗಳಲ್ಲಿ ಅವಳು ಹಾಗೆ ಕಡಿದುಹಾಕಿದ ಮರಕ್ಕೆ ಲೆಕ್ಕವಿಲ್ಲ. ಅಷ್ಟಾದರೂ ಅವಳ ಕಾಲಿನ ಕಿರುಬೆರಳಿಗೂ ಒಂದು ಗೀರು ಬಿದ್ದಿರಲಿಲ್ಲ.

ಕಾಲು ತೆಗೆದುಕೊಂಡದ್ದು ಟ್ರ್ಯಾಕ್ಟರು. ಅವರ ಆಲೂಗಡ್ಡೆ ಹೊಲದ ಇಳಿಜಾರಿನಲ್ಲಿ, ನೆಂದ ಹುಲ್ಲಿನ ಮೇಲೆ ಅದು ಪಕ್ಕಕ್ಕೆ ಜಾರಿತು, ಮಗುಚಿತು. ಹೊರಗೆ ಹಾರಿಕೊಳ್ಳಲು ಹೋದ ಡೆಲ್ಸಿಯ ಎಡಗಾಲು ಚಕ್ರದ ಕೆಳಗೆ ಸಿಕ್ಕಿಕೊಂಡಿತು. ಗಂಡ ಕೋಲ್ ಮತ್ತು ಪಕ್ಕದ ಹೊಲದವರು ಓಡಿಬಂದು ಎತ್ತುವ ಹೊತ್ತಿಗೆ ಮೊಣಕಾಲಿನ ಕೆಳಗೆ ಉಳಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ಆಗ ಅವಳಿಗೆ ನಲವತ್ತೊಂದು ವರ್ಷ.

ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅತ್ತಳು, ಬೈದಳು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಕೋಲ್ ತಂದ ಹಣ್ಣನ್ನು ಮುಟ್ಟಲಿಲ್ಲ. ಹಾಗೆ ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಡಾಕ್ಟರು ಬಂದಾಗ, ತಿರುಗಿ ಅವರನ್ನೇ ನೋಡುತ್ತ ಕೇಳಿದಳು: “ಕತ್ತರಿಸಿದ ಕಾಲನ್ನ ಏನ್ಮಾಡಿದ್ರಿ?”

ಡಾಕ್ಟರು ತಡಬಡಾಯಿಸಿದರು. “ಅದಕ್ಕೆಲ್ಲ ಒಂದು ಕ್ರಮ ಇರುತ್ತಮ್ಮ.”

“ಏನ್ ಕ್ರಮ? ಸುಡ್ತೀರಾ, ಹೂಳ್ತೀರಾ?”

“ಡೆಲ್ಸಿ!” ಎಂದು ಕೋಲ್ ಗದರಿಸಿದ.

“ನನ್ ಕಾಲು ಕಣೋ. ಎಲ್ಲಿಗ್ ಹೋಯ್ತು ಅಂತ ಕೇಳ್ಬಾರ್ದಾ?”

ಅದನ್ನು ಕೇಳಿ ಕೋಲ್‌ಗೆ ಎಷ್ಟೋ ಹಗುರವಾಯಿತು. ಹೆಂಡತಿ ವಾಪಸು ಬಂದಳು ಅಂದುಕೊಂಡ. ಡೆಲ್ಸಿ ಹುಟ್ಟಿದಾಗಿನಿಂದ ಹೀಗೆಯೇ. ಗಡಿಯಾರ ಸಿಕ್ಕಿದರೆ ಬಿಚ್ಚಬೇಕು, ಕೋಳಿ ಕೊಯ್ದರೆ ಹೊಟ್ಟೆಯೊಳಗೆ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ನೋಡಲೇಬೇಕು. ಅವಳ ತಾಯಿ ಸಾಕಾಗಿ, “ನಿನ್ನ ಗಂಡ ಆಗೋನ ಗತಿ ಏನೋ” ಎನ್ನುತ್ತಿದ್ದಳಂತೆ.

ಅವಳು ಮನೆಗೆ ಬಂದ ಮೇಲೆ ಊರಿನವರು ಬೇಯಿಸಿದ ಮಾಂಸದ ಪಾತ್ರೆಗಳನ್ನು ತಂದು ತಂದು ಅಡುಗೆಮನೆಯಲ್ಲಿ ಜಾಗವಿಲ್ಲದಂತೆ ಮಾಡಿದರು. ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದು, ಧೀರೆ ಎಂದು ದೊಡ್ಡ ಅಕ್ಷರದಲ್ಲಿ ಬರೆದ. ಡೆಲ್ಸಿ ಅದನ್ನು ಓದಿ ಕೋಳಿಗೂಡಿನ ನೆಲಕ್ಕೆ ಹಾಸಿದಳು. “ನಾನೇನ್ ಧೈರ್ಯ ಮಾಡ್ದೆ? ಟ್ರ್ಯಾಕ್ಟರ್ ಬಿತ್ತು, ಬಾಯ್ ಬಡ್ಕೊಂಡೆ. ಅಷ್ಟೇ ತಾನೆ?”

ಮುಂದಿನ ವರ್ಷದ ಮೇಳಕ್ಕೆ ಅವಳು ನೋಡುವವಳಾಗಿ ಹೋದಳು. ಬೇಲಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಟ್ಟಿದ್ದರು. ಕುರ್ಚಿ ತಗ್ಗಾಗಿದ್ದರಿಂದ ಅವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಕಡಿಯುವವರ ಪಾದಗಳು ಬರುತ್ತಿದ್ದವು. ಇಷ್ಟು ವರ್ಷ ಕಡಿದರೂ ಅವಳು ಆ ಎತ್ತರದಿಂದ ಯಾರನ್ನೂ ನೋಡಿರಲಿಲ್ಲ. ಕೊಡಲಿ ಕೆಳಗಿಳಿಯುವಾಗಲೆಲ್ಲ ಶೂಗಳ ತುದಿ ಒಂದಿಷ್ಟು ಸುಕ್ಕಾಗುತ್ತಿತ್ತು. ಒಳಗೆ ಬೆರಳುಗಳು ಮುದುಡಿಕೊಳ್ಳುತ್ತಿದ್ದವು. ಗಟ್ಟಿಗರು, ಹೊಸಬರು, ಎಲ್ಲರದೂ ಅಷ್ಟೇ. ಕೈ ಮರದ ಕಡೆ ಹೋಗುತ್ತಿದ್ದರೆ ಕಾಲು ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಿತ್ತು.

ಒಂದು ಕಾಲಿಗೆ ಆ ಭಯವೇ ಇಲ್ಲದಿದ್ದರೆ ಹೇಗೆ ಕಡಿಯಬಹುದು?

ಆ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಅವಳಿಗೆ ಕುರ್ಚಿಯಲ್ಲಿ ಕೂರುವುದು ಕಷ್ಟವಾಯಿತು. ಮನೆಗೆ ಬಂದವಳೇ ಶೆಡ್ಡಿಗೆ ಹೋಗಿ ಕೊಡಲಿಗಳನ್ನು ಕೆಳಗಿಳಿಸಿದಳು.

ಕೋಲ್ ಬೇಡ ಎಂದ. ಬೇಡ ಎಂದದ್ದು ಒಂದೇ ಸಲ. ಅವಳ ಜತೆ ಬಾಳಿದವನಿಗೆ ಎರಡನೆಯ ಸಲ ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ದಿಮ್ಮಿಗಳನ್ನು ತಂದುಕೊಟ್ಟ, ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಕೂರಿಸಿ ಬಿಗಿದ. ಅವಳು ಕಡಿಯುವಾಗ ಮಾತ್ರ ಅವನು ಅಲ್ಲಿ ನಿಲ್ಲುತ್ತಿರಲಿಲ್ಲ. ಶೆಡ್ಡಿನ ಹಿಂದೆ ಹೋಗಿ ಏನಾದರೂ ರಿಪೇರಿ ಮಾಡುತ್ತ, ಏಟಿನ ಸದ್ದು ನಿಂತಾಗಲೆಲ್ಲ ತಲೆಯೆತ್ತಿ ಕೇಳಿಸಿಕೊಳ್ಳುತ್ತಿದ್ದ.

ಮೊದಮೊದಲು ಸದ್ದು ನಿಲ್ಲುತ್ತಿದ್ದುದೇ ಹೆಚ್ಚು. ಲಾನ್ಸೆಸ್ಟನ್ನಿನಲ್ಲಿ ಅವಳಿಗೆ ಕೃತಕ ಕಾಲು ಮಾಡಿಕೊಟ್ಟಿದ್ದವನು ನಿರ್ಮಲ್ ಗುರುಂಗ್ ಎಂಬ ನೇಪಾಳಿ. ಅವನು ಕೊಟ್ಟಿದ್ದ ಪಾದಕ್ಕೆ ಸ್ಪ್ರಿಂಗಿನ ಗುಣವಿತ್ತು, ನಡೆಯಲು ಸೊಗಸಾಗಿತ್ತು. ದಿಮ್ಮಿಯ ಮೇಲೆ ನಿಂತು ಏಟು ಹಾಕಿದರೆ ಅದೇ ಗುಣ ತಿರುಗಿ ಒದೆಯುತ್ತಿತ್ತು; ನಾಲ್ಕನೆಯ ಏಟಿಗೆ ಡೆಲ್ಸಿ ಚಕ್ಕೆಗಳ ರಾಶಿಯ ಮೇಲೆ ಬಿದ್ದಿರುತ್ತಿದ್ದಳು. ಅವಳು ನಿರ್ಮಲನ ಹತ್ತಿರ ಹೋಗಿ ವಿಷಯ ಹೇಳಿದಾಗ ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟ.

“ಓಡೋಕೆ ಕೇಳಿದಾರೆ, ಈಜೋಕೆ ಕೇಳಿದಾರೆ. ಮರ ಕಡಿಯೋಕೆ ಕಾಲು ಬೇಕು ಅಂದೋರು ನೀವೇ ಮೊದಲು, ದೀದಿ.”

“ಆಗಲ್ವಾ?”

“ಆಗಲ್ಲ ಅಂದ್ನಾ? ಮರದ ಮೇಲೆ ಹ್ಯಾಗ್ ನಿಲ್ತೀರಿ, ತೋರ್ಸಿ.”

ಅವಳು ಅವನ ಮೇಜಿನ ಮೇಲೆ ಹತ್ತಿ ತೋರಿಸಿದಳು. ಅವನು ಸುತ್ತ ಸುತ್ತಿ, ಬಗ್ಗಿ, ಮಲಗಿ ನೋಡಿದ. ಆ ವರ್ಷವೆಲ್ಲ ಒಂದರ ಮೇಲೊಂದು ಪಾದ ಮಾಡಿ ಕಳಿಸಿದ. ಒಂದು ತೀರಾ ಮೆತ್ತಗೆ, ಇನ್ನೊಂದು ಜಾರುತ್ತಿತ್ತು. ಕಡೆಗೆ ಒಪ್ಪಿಗೆಯಾದದ್ದು ಗಟ್ಟಿ ರಬ್ಬರಿನ, ಹಿಮ್ಮಡಿಯೇ ಇಲ್ಲದ, ನೋಡಲು ಇಸ್ತ್ರಿಪೆಟ್ಟಿಗೆಯಂಥ ಒಂದು ತುಂಡು. ಅದು ಒದೆಯುತ್ತಿರಲಿಲ್ಲ, ಜಾರುತ್ತಿರಲಿಲ್ಲ.

ಆದರೆ ಸತ್ತಂತಿತ್ತು. ಅದನ್ನು ಡೆಲ್ಸಿ ಊಹಿಸಿರಲಿಲ್ಲ. ಕಡಿಯುವವರಿಗೆ ಮರದ ಸುದ್ದಿ ತಲುಪುವುದು ಪಾದಗಳಿಂದ: ಏಟು ಎಷ್ಟು ಆಳಕ್ಕೆ ಹೋಯಿತು, ಒಳಗೆ ಗಂಟಿದೆಯೋ, ಇನ್ನೆಷ್ಟು ಉಳಿದಿದೆ, ಎಲ್ಲ. ಈಗ ಬಲಗಾಲು ಹೇಳುತ್ತಿತ್ತು, ಎಡಗಾಲು ಬಾಯಿ ಬಿಡುತ್ತಿರಲಿಲ್ಲ. ಅದು ದಿಮ್ಮಿಯ ಮೇಲೆ ಇದೆಯೋ ಪಕ್ಕಕ್ಕೆ ಸರಿದಿದೆಯೋ ಎಂದು ತಿಳಿಯಲು ಅವಳು ಬಗ್ಗಿ ನೋಡಬೇಕಿತ್ತು. ನೋಡಿದರೆ ಲಯ ತಪ್ಪುತ್ತಿತ್ತು. ಭಯವಿಲ್ಲದ ಕಾಲಿನ ಹತ್ತಿರಕ್ಕೆ ಧಾರಾಳವಾಗಿ ಕೊಡಲಿ ಬೀಸಬಹುದೆಂದು ಅವಳು ಅಂದುಕೊಂಡದ್ದು ನಿಜವೇ ಆಯಿತು, ಬೀಸಿದಳು. ಅದರಿಂದ ಸಿಕ್ಕ ಲಾಭವನ್ನು ಆ ತಡವರಿಕೆ ನುಂಗಿಹಾಕುತ್ತಿತ್ತು. ಹಾಗಾದರೆ ತಾನೀಗ ಎಷ್ಟು ವೇಗ? ಅವಳಿಗೇ ಗೊತ್ತಾಗಲಿಲ್ಲ. ಒಬ್ಬಳೇ ಕಡಿದರೆ ತಿಳಿಯುವಂಥದ್ದೂ ಅಲ್ಲ ಅದು. ಶರತ್ಕಾಲದ ಮೇಳಕ್ಕೆ ಹೆಸರು ಕೊಟ್ಟಳು.

ಹೆಸರು ಕೊಟ್ಟ ವಾರದಲ್ಲೇ ಬಾಸಿಲ್ ಕಿಟ್ಟೋ ಅವರ ಮನೆಗೆ ಬಂದ.

ಬಾಸಿಲ್‌ನ ಕೆಲಸ ಎಣಿಕೆ ಗೊತ್ತುಮಾಡುವುದು. ಈ ಆಟದಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡುವುದಿಲ್ಲ. ಒಬ್ಬ ನಿಂತು ಒಂದು, ಎರಡು, ಮೂರು ಎಂದು ಸೆಕೆಂಡಿನ ಲೆಕ್ಕದಲ್ಲಿ ಕೂಗುತ್ತಾನೆ. ಹೊಸಬರು ಮೂರಕ್ಕೆ ಶುರು ಮಾಡಿದರೆ ಪಳಗಿದವರು ತಮ್ಮ ಎಣಿಕೆ ಬರುವ ತನಕ ಕೊಡಲಿ ಹಿಡಿದು ಸುಮ್ಮನೆ ನಿಂತಿರಬೇಕು. ಯಾರಿಗೆ ಯಾವ ಎಣಿಕೆ ಎಂದು ಹೇಳುವವನು ಬಾಸಿಲ್. ಅವನ ಲೆಕ್ಕ ಸರಿಯಾಗಿದ್ದರೆ ಎಲ್ಲ ದಿಮ್ಮಿಗಳೂ ಒಂದೇ ಕ್ಷಣದಲ್ಲಿ ತುಂಡಾಗಬೇಕು. ಹಾಗೆ ಎಂದೂ ಆದದ್ದಿಲ್ಲ, ಅವನನ್ನು ಬೈಯದ ಕಡಿಯುವವರೂ ಇಲ್ಲ. ಹಿಂದೆ ಡೆಲ್ಸಿಯದು ಹದಿನೆಂಟು. ಜಿಲ್ಲೆಯ ಹೆಂಗಸರಲ್ಲಿ ಅಷ್ಟು ಹೊತ್ತು ಕಾಯಬೇಕಾಗಿದ್ದವಳು ಅವಳೊಬ್ಬಳೇ.

ಎಪ್ಪತ್ತು ದಾಟಿದ ಬಾಸಿಲ್ ಡೆಲ್ಸಿಯ ತಂದೆಯ ಜತೆ ಕಡಿದವನು. ಶೆಡ್ಡಿನಲ್ಲಿ ಒಂದು ಡಬ್ಬವನ್ನು ಬೋರಲು ಹಾಕಿ ಕೂತ.

“ನಿನ್ನ ನೋಡ್ದೆ ಹ್ಯಾಗಮ್ಮ ಎಣಿಕೆ ಹಾಕ್ಲಿ? ನಂಗೆ ರಾತ್ರಿ ನಿದ್ದೇನೇ ಬರ್ತಿಲ್ಲ. ಐದು ಹಾಕೋಣ ಅಂದ್ಕೊಂಡಿದ್ದೆ.”

“ಐದಾ! ಐದು ಅಂದ್ರೆ ಸ್ಕೂಲ್ ಹುಡ್ಗೀರು ಬಾಸಿಲ್! ನಾನ್ ಸತ್ತೇನಾದ್ರೂ ಹೋಗಿದೀನಾ?”

“ಮತ್ತೆ ಕಡ್ದು ತೋರ್ಸು.”

ಡೆಲ್ಸಿಗೆ ನಗು ಬಂತು. ಎಣಿಕೆ ಹಾಕುವವನ ಎದುರಿಗೆ ಯಾರೂ ತಮ್ಮ ನಿಜವಾದ ವೇಗ ತೋರಿಸುವುದಿಲ್ಲ. ಸ್ವಲ್ಪ ಕೈ ಹಿಡಿದು, ಒಂದೆರಡು ಏಟು ತಪ್ಪಿಸಿ, ಬೆವರು ಒರೆಸಿಕೊಂಡು ನಾಟಕ ಮಾಡುತ್ತಾರೆ. ಅವಳ ಅಪ್ಪ ಅದರಲ್ಲಿ ಎತ್ತಿದ ಕೈ.

“ಮೋಸ ಮಾಡೋಣ ಅಂದ್ರೂ ನಂಗ್ ಗೊತ್ತಿಲ್ಲ,” ಎಂದಳು. “ಎಷ್ಟು ಜೋರಿದೀನಿ ಅಂತ ಗೊತ್ತಿದ್ರೆ ತಾನೆ ನಿಧಾನ ಮಾಡೋದು?”

ದಿಮ್ಮಿ ಹತ್ತಿ ಕಡಿದಳು. ಬಾಸಿಲ್ ಮೊದಲು ಕೊಡಲಿ ನೋಡಿದ, ಆಮೇಲೆ ಪಾದ ನೋಡಿದ, ಆಮೇಲೆ ಎದ್ದು ಹತ್ತಿರ ಬಂದು ಅವಳ ಸೊಂಟ ನೋಡುತ್ತ ನಿಂತ. ದಿಮ್ಮಿ ಎರಡಾದ ಮೇಲೆ ಕೇಳಿದ, “ತಿರುಗಿ ನಿಲ್ಲೋವಾಗ ಯಾಕ್ ಅಷ್ಟ್ ತಡ?”

“ಎಡಗಾಲು ಎಲ್ಲಿದೆ ಅಂತ ನೋಡ್ಬೇಕಲ್ಲ.”

“ಅದಕ್ ಗೊತ್ತಾಗಲ್ವಾ?”

“ಯಾವ್ದಕ್ಕೆ? ರಬ್ಬರಿಗಾ?”

“ಅಲ್ಲಮ್ಮ... ನಿಂಗೆ.” ಬಾಸಿಲ್ ತಲೆ ಕೆರೆದುಕೊಂಡ. “ಆದ್ರೆ ಆ ಕಡೆ ಏಟು ಎಷ್ಟ್ ಹತ್ರ ಹಾಕ್ತೀಯೆ! ಮೈ ಜುಂ ಅಂತು ನಂಗೆ. ಈ ಕಡೆಯಿಂದ ಕಳೀತಾ ಇದೆ, ಆ ಕಡೆಯಿಂದ ಬರ್ತಾ ಇದೆ. ಹ್ಯಾಗ್ ಲೆಕ್ಕ ಮಾಡ್ಲಿ ನಾನು?”

ಒಂದೂವರೆ ಗಂಟೆ ಕೂತು, ಮೂರು ಲೋಟ ಚಹಾ ಕುಡಿದು, ಕಾಲು ಬಿಚ್ಚಿಸಿ ಕೈಯಲ್ಲಿ ಹಿಡಿದು ತೂಗಿ ನೋಡಿ, ಎಣಿಕೆ ಎಷ್ಟೆಂದು ಹೇಳದೆ ಹೋದ. ಅವನು ಹೋದ ಮೇಲೆ ಡೆಲ್ಸಿಗೆ ಅನ್ನಿಸಿತು, ಈ ಎರಡು ವರ್ಷಗಳಲ್ಲಿ ತನ್ನ ಕಾಲಿನ ಬಗ್ಗೆ ಸಂಕೋಚವಿಲ್ಲದೆ ಮಾತಾಡಿದವರು ನಿರ್ಮಲನನ್ನು ಬಿಟ್ಟರೆ ಇವನೊಬ್ಬನೇ.

ಮೇಳದ ದಿನ ಎಣಿಕೆಯ ಹಲಗೆಯಲ್ಲಿ ಅವಳ ಹೆಸರಿನ ಮುಂದೆ ಎಂಟು ಎಂದಿತ್ತು.

ಬಿಸಿಲಿತ್ತು, ಗಾಳಿ ತಣ್ಣಗಿತ್ತು. ಕುರಿಗಳ ಕೊಟ್ಟಿಗೆಯ ವಾಸನೆಯೂ ಹಿಟ್ಟಿನೊಳಗೆ ಚಿಪ್ಪುಮೀನು ತುಂಬಿದ ಪೈ ಬೇಯುವ ವಾಸನೆಯೂ ಒಟ್ಟಿಗೆ ಬರುತ್ತಿದ್ದವು. ಹೆಂಗಸರ ಸ್ಪರ್ಧೆಗೆ ಆರು ದಿಮ್ಮಿಗಳನ್ನು ಸಾಲಾಗಿ ಬಿಗಿದಿದ್ದರು. ಡೆಲ್ಸಿ ಮೇಳದ ಶೆಡ್ಡಿನಲ್ಲಿ ಕೂತು, ಕೊಡಲಿ ತಗುಲಿದರೂ ಪಾದ ಉಳಿಯಲೆಂದು ಶೂ ಮೇಲೆ ಹಾಕುವ ಉಕ್ಕಿನ ಬಲೆಯ ಕಾಲುಚೀಲ ಎಳೆದುಕೊಳ್ಳುತ್ತಿದ್ದಾಗ ಹೊರಗೆ ಹಲಗೆಯ ಹತ್ತಿರ ಜೋರು ದನಿ ಕೇಳಿಸಿತು.

ಜೊಡೀನ್ ಟಕ್‌ಳ ದನಿ ಅದು. ಇಪ್ಪತ್ತೆಂಟರ ಹುಡುಗಿ, ಹಾಲಿನ ಟ್ಯಾಂಕರ್ ಓಡಿಸುವವಳು. ಡೆಲ್ಸಿ ಇಲ್ಲದ ಎರಡು ವರ್ಷದಲ್ಲಿ ಎಲ್ಲ ಮೇಳಗಳನ್ನೂ ಗೆದ್ದಿದ್ದಳು. ಅವಳ ಎಣಿಕೆ ಹದಿನಾರು.

“ಎಂಟು ಹ್ಯಾಗಾಗತ್ತೆ ಬಾಸಿಲ್? ನೀವೇ ಹೇಳಿ.”

“ಕಾಲಿಲ್ಲ ಕಣೇ ಅವಳಿಗೆ,” ಎಂದರು ಯಾರೋ.

“ಅದನ್ನೇ ನಾನೂ ಹೇಳ್ತಿರೋದು! ನಾನ್ ಎಡಗಡೆ ಏಟು ಹಾಕೋವಾಗ ನನ್ ಜೀವ ಬೆರಳ ತುದೀಲಿರತ್ತೆ. ಅವ್ಳಿಗ್ ಏನಿದೆ? ರಬ್ಬರು. ತಗುಲಿದ್ರೆ ಇನ್ನೊಂದ್ ತಗೊಳ್ತಾಳೆ. ಹೆದ್ರಿಕೆ ಇಲ್ದೇ ಇರೋ ಕಾಲಿಗೆ ಲೆಕ್ಕ ಇಲ್ವಾ?”

ಕೋಲ್ ಅಲ್ಲೇ ಇದ್ದ. ಅವನ ಮುಖ ಕೆಂಪಾಯಿತು. “ನಾಚ್ಕೆ ಆಗಲ್ವೇನಮ್ಮ ನಿಂಗೆ? ಬಾ, ನೀನೂ ಒಂದು ಕಾಲ್ ತೆಗೆಸ್ಕೊ, ಹೆದ್ರಿಕೆ ಹೋಗತ್ತೆ!”

ಜೊಡೀನ್ ಕಣ್ಣಲ್ಲಿ ನೀರು ತುಂಬಿತು, ಆದರೂ ಹಿಂದೆ ಸರಿಯಲಿಲ್ಲ. “ನಾನ್ ಅವ್ಳಿಗ್ ಅವಮಾನ ಮಾಡ್ತಿಲ್ಲ. ಕೇಳ್ತಿದೀನಿ ಅಷ್ಟೇ.”

ಡೆಲ್ಸಿ ಒಂದು ಕಾಲಿಗೆ ಮಾತ್ರ ಉಕ್ಕಿನ ಚೀಲ ಹಾಕಿಕೊಂಡು ಕುಂಟುತ್ತ ಹೊರಗೆ ಬಂದಳು. ಎಲ್ಲರೂ ದಾರಿ ಬಿಟ್ಟರು.

“ಕೋಲ್, ಸುಮ್ನಿರು. ಅವ್ಳು ಸರಿಯಾಗೇ ಕೇಳಿದಾಳೆ.” ಜೊಡೀನ್ ಕಡೆ ತಿರುಗಿದಳು. “ಇದು ನಂದೇ ಪ್ರಶ್ನೆ ಕಣೇ. ಇದಕ್ಕೇ ನಾನ್ ವಾಪಸ್ ಬಂದಿದ್ದು. ಮನೆ ಶೆಡ್ನಲ್ಲಂತೂ ಹೆದ್ರಿಕೆ ಆಗಲ್ಲ. ನೀನ್ ಹೇಳಿದ್ ಹಂಗೇನೇ.”

“ಮತ್ತೆ!” ಎಂದಳು ಜೊಡೀನ್, ಯಾರಾದರೂ ತನ್ನ ಪಕ್ಷಕ್ಕೆ ಬಂದರಲ್ಲ ಎಂದು.

ಡೆಲ್ಸಿ ಹೇಳಿದಳು, “ಬಾಸಿಲ್, ಎರಡು ಹಿಂದಕ್ಕ್ ಹಾಕು. ಹತ್ತು ಮಾಡು.”

“ಮಾಡಲ್ಲ. ಕಡಿಯೋರು ಹೇಳಿದ್ ಹಂಗೆ ಎಣಿಕೆ ಹಾಕೋಕ್ ಶುರು ಮಾಡಿದ್ರೆ ನಾಳೆ ನನ್ ಮನೆ ಮುಂದೆ ಸಾಲು ನಿಲ್ಲತ್ತೆ. ಎಂಟು ಅಂದ್ರೆ ಎಂಟು. ಇವತ್ ನೋಡ್ತೀನಿ, ಮುಂದಿನ್ ಮೇಳಕ್ಕೆ ಬೇಕಾದ್ರೆ ಬದಲಾಯಿಸ್ತೀನಿ.” ಬಾಸಿಲ್ ಅವಳ ಪಾದಗಳ ಕಡೆ ಬೆರಳು ತೋರಿಸಿದ. “ಇನ್ನೊಂದು ಚೀಲ ಎಲ್ಲಿ?”

“ರಬ್ಬರಿಗ್ಯಾಕೆ?”

“ನಿಯಮದಲ್ಲಿ ಎರಡೂ ಪಾದ ಅಂತಿದೆ. ರಬ್ಬರ್ ಬಿಟ್ಟು ಅಂತ ಇಲ್ಲ.”

ಅದಕ್ಕೆ ಎಲ್ಲರೂ ನಕ್ಕರು, ಜೊಡೀನ್ ಕೂಡ. ಕೋಲ್ ನಗಲಿಲ್ಲ. ಆದರೆ ಮಂಡಿಯೂರಿ ಕೂತು ಇನ್ನೊಂದು ಚೀಲವನ್ನು ಆ ಇಸ್ತ್ರಿಪೆಟ್ಟಿಗೆಗೆ ಅವನೇ ತೊಡಿಸಿದ. ತೊಡಿಸಿ ಎದ್ದವನು ಈ ಸಲ ಎಲ್ಲಿಗೂ ಹೋಗಲಿಲ್ಲ; ಬೇಲಿಗೆ ಒರಗಿ ನಿಂತ.

ಡೆಲ್ಸಿ ದಿಮ್ಮಿ ಹತ್ತಿದಳು. ಕಾಲಿಡಲು ಕೊರೆದ ಗುರುತುಗಳಲ್ಲಿ ಪಾದ ಕೂರಿಸಿದಳು, ಎಡಗಾಲು ಎಲ್ಲಿದೆ ಎಂದು ಬಗ್ಗಿ ನೋಡಿದಳು, ಕೊಡಲಿಯ ಅಲಗನ್ನು ಮರಕ್ಕೆ ತಾಗಿಸಿ ನಿಂತಳು. ಪಕ್ಕದಲ್ಲಿ ಜೊಡೀನ್ ತುಟಿ ಕಚ್ಚಿಕೊಂಡಿದ್ದಳು. ಮೈಕಿನಲ್ಲಿ ಯಾರೋ ಡೆಲ್ಸಿಯ ಹೆಸರು ಹೇಳಿ ಧೀರೆ ಗೀರೆ ಎಂದು ಏನೋ ಶುರು ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎಣಿಕೆ ಶುರುವಾಯಿತು.

ಮೂರಕ್ಕೆ ಇಬ್ಬರು ಹುಡುಗಿಯರು ಹೊರಟರು, ಆರಕ್ಕೆ ಇನ್ನೊಬ್ಬಳು. ಎಂಟು ಎಂದು ಕಿವಿಗೆ ಬೀಳುವ ಮೊದಲೇ ಡೆಲ್ಸಿಯ ತೋಳು ಮೇಲೆ ಹೋಗಿತ್ತು.

ಮೊದಲ ಏಟು ಬಲಗಡೆಗೆ. ಚೆನ್ನಾಗಿ ಕೂತಿತು. ಎರಡನೆಯದು ಎಡಗಡೆಗೆ, ಮನೆಯ ಶೆಡ್ಡಿನಲ್ಲಿ ಹಾಕುತ್ತಿದ್ದ ಹಾಗೆಯೇ ರಬ್ಬರಿನ ಹತ್ತಿರಕ್ಕೆ ಬೀಸಿದಳು. ಅಲಗು ಇಳಿಯುತ್ತಿರುವಾಗ ಅವಳ ಎಡಗಾಲಿನ ಬೆರಳುಗಳು ಮುದುಡಿಕೊಂಡವು.

ಐದೂ ಬೆರಳುಗಳು. ಹೆಬ್ಬೆರಳು ಎಲ್ಲಕ್ಕಿಂತ ಬಿಗಿಯಾಗಿ.

ಆಸ್ಪತ್ರೆಯಲ್ಲಿದ್ದಾಗ ಕೆಲವು ವಾರ ಆ ಬೆರಳುಗಳು ಅವಳನ್ನು ಕಾಡಿದ್ದವು, ತುರಿಸಿದಂತೆ, ಉರಿದಂತೆ. ಆಮೇಲೆ ತಾವಾಗಿ ಬಿಟ್ಟುಹೋಗಿದ್ದವು. ಶೆಡ್ಡಿನಲ್ಲಿ ಕಡಿದ ತಿಂಗಳುಗಳಲ್ಲಿ ಒಂದು ದಿನವೂ ಬಂದಿರಲಿಲ್ಲ. ಈಗ, ಇಷ್ಟು ಜನರ ನಡುವೆ, ಎಲ್ಲಿಂದಲೋ ಬಂದು ನೆಟ್ಟಗೆ ಕೂತಿದ್ದವು. ಮೂರನೆಯ ಏಟೂ ಎಡಗಡೆಗೇ; ಅದು ಅವಳಿಗೆ ಗೊತ್ತಿಲ್ಲದೆಯೇ ಎಡಗಾಲಿನಿಂದ ಒಂದು ಅಂಗುಲ ಈಚೆ ಬಿತ್ತು. ಚಕ್ಕೆ ಸರಿಯಾಗಿ ಏಳಲಿಲ್ಲ. ಇಲ್ಲದ ಕಾಲಿಗಾಗಿ ನಾನು ಹೆದರಿದೆ! ಡೆಲ್ಸಿಗೆ ಸಿಟ್ಟು ಬರಬೇಕಿತ್ತು. ಅದರ ಬದಲು, ಕಡಿಯುತ್ತಿರುವಾಗಲೇ, ಏನಪ್ಪಾ ಇದು ಎನ್ನಿಸಿತು.

ನೋಡೋಣ ಎಂದುಕೊಂಡು ಮುಂದಿನ ಏಟನ್ನು ಬೇಕೆಂದೇ ಮತ್ತೆ ಹತ್ತಿರಕ್ಕೆ ಹಾಕಿದಳು. ಹೆಬ್ಬೆರಳಿನಿಂದ ಮೀನಖಂಡದ ತನಕ ಸೆಳೆತ ಹಿಡಿದಂತೆ ನೋವು ಹರಿಯಿತು. ಆ ಮೀನಖಂಡವೂ ಅಲ್ಲಿರಲಿಲ್ಲ. ನೋವಿನ ಜತೆಗೆ ಇನ್ನೊಂದೂ ಬಂತು: ಪಾದ ಎಲ್ಲಿದೆ ಎಂದು ಗೊತ್ತಾಯಿತು. ಬಗ್ಗಿ ನೋಡದೆಯೇ. ಗುರುತಿನ ಒಳಗೆ, ಸ್ವಲ್ಪ ಹೊರಕ್ಕೆ ವಾಲಿಕೊಂಡು, ಹಿಮ್ಮಡಿ ಗಟ್ಟಿಯಾಗಿ ಊರಿಕೊಂಡು ನಿಂತಿತ್ತು. ಹಿಮ್ಮಡಿ ಇಲ್ಲದ ಪಾದದಲ್ಲಿ ಹಿಮ್ಮಡಿ ಊರಿತ್ತು. ಸತ್ತದ್ದಕ್ಕೆ ಜೀವ ಬಂದಿತ್ತು, ಹೆದರಿಕೆಯ ಬೆನ್ನು ಹತ್ತಿಕೊಂಡು.

ಅರ್ಧ ಕಡಿದು ತಿರುಗಿ ನಿಲ್ಲಬೇಕಾದಾಗ ಅವಳು ಕೆಳಗೆ ನೋಡಲಿಲ್ಲ. ಹಾರಿ ತಿರುಗಿದಳು, ಎರಡು ಪಾದಗಳೂ ತಮ್ಮ ಜಾಗಕ್ಕೆ ಬಂದು ಕೂತವು. ಬೇಲಿಯ ಹತ್ತಿರ ಕೋಲ್ “ಅಯ್ಯೋ!” ಎಂದದ್ದು ಅವಳಿಗೆ ಕೇಳಿಸಿತು. ಆಮೇಲೆ ಯಾವುದೂ ಕೇಳಿಸಲಿಲ್ಲ. ಬಲ, ಎಡ, ಬಲ, ಎಡ. ಪ್ರತಿ ಎಡ ಏಟಿಗೂ ಬೆರಳುಗಳು ಮುದುಡಿದವು, ನೋವು ಬಂತು, ಪಾದ ಇದ್ದಲ್ಲೇ ಇತ್ತು. ತಟ್ಟೆಯಗಲದ ಚಕ್ಕೆಗಳು ಹಾರಿದವು.

ಪಕ್ಕದಲ್ಲಿ ಜೊಡೀನ್‌ಳ ದಿಮ್ಮಿ ಮೊದಲು ಬಿತ್ತು. ಆರಕ್ಕೆ ಹೊರಟಿದ್ದ ಹುಡುಗಿಯದು ಅದರ ಬೆನ್ನಿಗೇ ಬಿತ್ತು. ಡೆಲ್ಸಿಯದು ಮೂರನೆಯದು. ಕಡೆಯ ಏಟಿಗೆ ದಿಮ್ಮಿ ಎರಡಾಗಿ ಬಾಯ್ದೆರೆದಾಗ ಅವಳು ಕೊಡಲಿಯನ್ನು ಊರಿ ಹಾಗೇ ನಿಂತಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗೆದ್ದ ಜೊಡೀನ್ ಕಡೆ ಯಾರೂ ನೋಡುತ್ತಿರಲಿಲ್ಲ. ಡೆಲ್ಸಿ ದಿಮ್ಮಿಯಿಂದ ಇಳಿದು ಹೋಗಿ ಜೊಡೀನ್‌ಳ ಕೈ ಹಿಡಿದು ಮೇಲೆತ್ತಿದಳು. “ಇವ್ಳಿಗ್ ತಟ್ರಪ್ಪಾ, ಗೆದ್ದೋಳು ಇವ್ಳು!”

ಮೇಳದ ಶೆಡ್ಡಿನೊಳಗೆ ಬಂದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕುಸಿದರು. ಕೋಲ್ ಪೈ ತಂದು ಡೆಲ್ಸಿಗೆ ಕೊಟ್ಟ. ಸ್ವಲ್ಪ ಯೋಚಿಸಿ, ತನಗೆಂದು ತಂದಿದ್ದನ್ನು ಜೊಡೀನ್‌ಗೆ ಕೊಟ್ಟ. “ತಗೊ. ಆಗ ಸ್ವಲ್ಪ ಜಾಸ್ತಿ ಅಂದ್ಬಿಟ್ಟೆ.”

“ನಾನೂ ಸ್ವಲ್ಪ ಜೋರಾಗೇ ಅಂದೆ,” ಎಂದಳು ಜೊಡೀನ್. ಬಿಸಿ ಪೈ ಕಚ್ಚಿ ಬಾಯಿ ಸುಟ್ಟುಕೊಂಡು, ಅದನ್ನು ನುಂಗುವ ಮೊದಲೇ ಡೆಲ್ಸಿಯ ಕಡೆ ತಿರುಗಿದಳು. “ಈಗ ಹೇಳು. ಹೆದ್ರಿಕೆ ಆಯ್ತಾ?”

“ಆಯ್ತು.”

“ಸುಳ್ಳು.”

“ದೇವ್ರಾಣೆ. ಬೆರಳೆಲ್ಲ ಮುದುಡ್ಕೊಂಡ್ಬಿಟ್ವು.”

“ಬಲಗಾಲಿಂದು?”

“ಎಡಗಾಲಿಂದು ಕಣೇ.”

ಜೊಡೀನ್ ಅಗಿಯುವುದನ್ನು ನಿಲ್ಲಿಸಿದಳು. ಕೋಲ್ ಕೂಡ ತಿರುಗಿ ನೋಡಿದ. ಅಷ್ಟರಲ್ಲಿ ಬಾಸಿಲ್ ಒಳಗೆ ಬಂದಿದ್ದ. ಅವನು ಬಾಗಿಲಲ್ಲೇ ನಿಂತ. ಡೆಲ್ಸಿ ನಡೆದದ್ದೆಲ್ಲವನ್ನೂ ಹೇಳಿದಳು: ಮೂರನೆಯ ಏಟು ತಪ್ಪಿದ್ದು, ನಾಲ್ಕನೆಯದನ್ನು ಬೇಕೆಂದೇ ಹಾಕಿದ್ದು, ನೋಡದೆ ತಿರುಗಿದ್ದು. ಹೇಳುತ್ತ ಹೇಳುತ್ತ ಅವಳ ಕಣ್ಣುಗಳು ಅರಳಿದವು.

ಬಾಸಿಲ್ ಬಂದು ಬೆಂಚಿನ ತುದಿಯಲ್ಲಿ ಕೂತ. “ಅಂದ್ರೆ ಹೆದ್ರಿಕೆ ಇದೆ. ಹಂಗಾದ್ರೆ ನಿಂಗೆ ಎಂಟು ಜಾಸ್ತೀನೇ ಆಯ್ತಲ್ಲಮ್ಮ. ಏಳು ಮಾಡ್ಬೇಕಾಗತ್ತೆ.”

“ಹೌದು,” ಎಂದಳು ಜೊಡೀನ್ ತಟ್ಟನೆ. “ಹೆದ್ರಿಕೇನೂ ಇದ್ದು ಕಾಲೂ ಇಲ್ಲ ಅಂದ್ರೆ ಅನ್ಯಾಯ. ಏಳು ಮಾಡಿ.”

“ನಿಮ್ಮಿಬ್ರಿಗೂ ತಲೆ ಕೆಟ್ಟಿದೆ,” ಎಂದಳು ಡೆಲ್ಸಿ. “ಹೆದ್ರಿಕೆಯಿಂದಾನೇ ತಾನೆ ನಂಗೆ ಕಾಲ್ ಸಿಕ್ಕಿದ್ದು? ಮನೆ ಶೆಡ್ನಲ್ಲಿ ಹಂಗ್ ತಿರುಗಿದ್ನಾ ನಾನು? ಬಾಸಿಲ್, ನೀನೇ ನೋಡಿದೀಯ. ಹತ್ತು ಮಾಡು. ಹನ್ನೊಂದು ಮಾಡು.”

“ಮುಂದಿನ್ ಸಲ ಆ ಬೆರಳು ಬರ್ದಿದ್ರೆ?”

ಅದನ್ನು ಡೆಲ್ಸಿ ಯೋಚಿಸಿರಲಿಲ್ಲ. ಅವಳು ತನ್ನ ಎಡಗಾಲಿನ ಕಡೆ ನೋಡಿದಳು. “ಅದೇ ಗೊತ್ತಿಲ್ಲ.”

“ಈಗ ಇದೆಯಾ?” ಎಂದು ಜೊಡೀನ್ ಕೇಳಿದಳು.

“ಇರು.” ಡೆಲ್ಸಿ ಕಣ್ಣು ಮುಚ್ಚಿದಳು. “ಇದೆ. ಸಣ್ಣಗೆ.”

“ಎಲ್ಲಿ? ರಬ್ಬರ್ ಒಳಗಾ?”

“ಇಲ್ಲ, ಇನ್ನೂ ಸ್ವಲ್ಪ ಆಚೆ. ಕೆಳಗೆ.”

ಜೊಡೀನ್ ಪೈಯನ್ನು ಕೋಲ್‌ನ ಕೈಗೆ ತುರುಕಿ, ನೆಲಕ್ಕೆ ಮಂಡಿಯೂರಿದಳು. ಹರಡಿದ್ದ ಚಕ್ಕೆಗಳನ್ನು ಸರಿಸಿ, ಒಂದು ಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಚಲಿಸುತ್ತ, “ಇಲ್ಲೇನಾ? ಇಲ್ಲೇನಾ?” ಎಂದು ಕೇಳತೊಡಗಿದಳು. ಬಾಸಿಲ್ ಕನ್ನಡಕ ಹಾಕಿಕೊಂಡು ಬಗ್ಗಿದ. ಹೊರಗೆ ಮೈಕಿನಲ್ಲಿ ಗಂಡಸರ ಸ್ಪರ್ಧೆಗೆ ಎಣಿಕೆಯವರು ಎಲ್ಲಿದ್ದರೂ ಬರಬೇಕೆಂದು ಕೂಗುತ್ತಿದ್ದರು.

“ನಿನ್ನನ್ನೇ ಕರೀತಿದಾರೆ ಬಾಸಿಲ್,” ಎಂದ ಕೋಲ್.

“ಕಾಯ್ಲಿ,” ಎಂದ ಬಾಸಿಲ್. “ಇನ್ನೂ ಸ್ವಲ್ಪ ಎಡಕ್ಕೆ ನೋಡಮ್ಮ ಜೊಡೀನ್.”